ನಿಮಗೆ ಯಾವ ಔಷಧಿ ಆಗಲ್ಲ?

ನಮ್ಮ ಕಾಲೇಜಿನ ಡಾಕ್ಟರ್ ಮೇಡಂ ಯಾರನ್ನೂ ‘ಚೆನ್ನಾಗಿದೀರಾ’ ಎಂದು ಕೇಳಿದವರಲ್ಲ. ‘ನಿಮಗೆ ಯಾವ ಔಷಧಿ ಆಗಲ್ಲ?’ ಎಂದು ಕೇಳುತ್ತಿದ್ದರು. ಹೊಸದಾಗಿ ಸೇರಿದ ವಿದ್ಯಾರ್ಥಿಯಾಗಲಿ, ವರ್ಗವಾಗಿ ಬಂದ ಪ್ರಿನ್ಸಿಪಾಲರಾಗಲಿ, ಕ್ಯಾಂಟೀನಿಗೆ ಹಾಲು ಹಾಕುವವನಾಗಲಿ, ಮೊದಲ ಪ್ರಶ್ನೆ ಅದೇ. ಒಮ್ಮೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದಿದ್ದ ಮಂತ್ರಿಯೊಬ್ಬರಿಗೆ ಹಾರ ಹಾಕುವ ಸರದಿ ಇವರಿಗೆ ಬಂತು. ಹಾರ ಹಾಕಿ, ಕೈಮುಗಿದು, ವೇದಿಕೆಯ ಮೇಲೇ ಅದನ್ನು ಕೇಳಿದರು. ಮಂತ್ರಿಗಳು ತಮ್ಮ ಆಪ್ತ ಸಹಾಯಕನ ಮುಖ ನೋಡಿದರು.

ಈ ಮಾಗಿಯಲ್ಲಿ ಮೇಡಂ ತೀರಿಕೊಂಡರು. ಕಾಲೇಜು ಬಿಟ್ಟ ಮೇಲೆ ಹುಟ್ಟಿದೂರು ಚನ್ನರಾಯಪಟ್ಟಣಕ್ಕೆ ಹೋಗಿ ತಂಗಿಯ ಮನೆಯಲ್ಲಿದ್ದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಕಾಫಿಗೆ ಏಳಲಿಲ್ಲವಂತೆ. ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದೆವು. ಒಬ್ಬರು ‘ಸದಾ ಹಸನ್ಮುಖಿ’ ಎಂದರು, ಮತ್ತೊಬ್ಬರು ‘ಮಾತೃಹೃದಯಿ’ ಎಂದರು. ಮೇಡಂ ನಕ್ಕದ್ದನ್ನು ನಾನು ಕಂಡದ್ದು ಅಪರೂಪ. ತಲೆನೋವು ಎಂದು ಹೋದ ಹುಡುಗರಿಗೆ ‘ಟೆಸ್ಟ್ ಯಾವತ್ತು?’ ಎಂದು ಕೇಳಿ, ಬರಿಗೈಯಲ್ಲಿ ತರಗತಿಗೆ ವಾಪಸು ಕಳಿಸುತ್ತಿದ್ದ ಹೃದಯ ಯಾವ ಜಾತಿಯದೋ ನನಗೆ ತಿಳಿಯದು. ನನ್ನ ಸರದಿ ಬಂದಾಗ ಎರಡು ಮಾತು ತೊದಲಿ ಕೂತುಬಿಟ್ಟೆ. ಅವತ್ತು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಹಾಸನದ ಆ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಮೇಡಂ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು. ಅವರಿಗೆ ಕೊಟ್ಟಿದ್ದ ಕೋಣೆ ನಮ್ಮ ವಿಭಾಗದ ಪಕ್ಕದ್ದು. ಅದರಲ್ಲಿ ಮೊದಲು ಕಬಡ್ಡಿ ಮ್ಯಾಟುಗಳನ್ನು ಇಡುತ್ತಿದ್ದರು. ಮೇಡಂ ಬಂದ ಮೇಲೂ ಒಂದಷ್ಟು ಮ್ಯಾಟು ಅಲ್ಲೇ ಉಳಿದವು, ರೋಗಿಗಳು ಅವುಗಳ ಮೇಲೆ ಮಲಗುತ್ತಿದ್ದರು. ಕುಳ್ಳಗಿನ ಹೆಂಗಸು, ಕಾಟನ್ ಸೀರೆ, ಕನ್ನಡಕಕ್ಕೆ ದಾರ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡದೆ ಉಗುರು ನೋಡುತ್ತಿದ್ದರು. ಉಗುರು ಸುಳ್ಳು ಹೇಳಲ್ಲ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದ ಗ್ರಂಥಪಾಲಕರಿಗೆ ‘ಅದೂ ಒಂದು ಆಗಲಿಲ್ಲ’ ಎಂದು ಹೇಳಿ ಥರ್ಮಾಮೀಟರ್ ಒದರಿದ್ದರಂತೆ.

ಆ ಪ್ರಶ್ನೆಯ ಚಟ ಹೇಗೆ ಅಂಟಿತೆಂದು ನಾನೂ ಒಮ್ಮೆ ಕೇಳಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾವುದೋ ಹಳ್ಳಿಯಲ್ಲಿದ್ದಾಗ, ಒಬ್ಬ ಹೆಂಗಸಿಗೆ ಕೇಳದೆ ಔಷಧಿ ಕೊಟ್ಟುಬಿಟ್ಟೆ ಎಂದರು. ನಾನು ಕೆದಕಲಿಲ್ಲ.

ನನ್ನನ್ನೂ ಮೊದಲ ದಿನವೇ ಕೇಳಿದ್ದರು. ನಾನು ಹೆಮ್ಮೆಯಿಂದಲೇ ‘ಪೆನ್ಸಿಲಿನ್’ ಎಂದೆ. ಚಿಕ್ಕಂದಿನಲ್ಲಿ ಅರಕಲಗೂಡಿನಲ್ಲಿ ಆ ಇಂಜೆಕ್ಷನ್ ತೆಗೆದುಕೊಂಡು ಪ್ರಜ್ಞೆ ತಪ್ಪಿ ಬಿದ್ದೆನೆಂದೂ, ಬದುಕಿದ್ದೇ ದೊಡ್ಡದೆಂದೂ ನಮ್ಮ ಮನೆಯಲ್ಲಿ ಕಥೆಯಿತ್ತು. ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ಕಥೆ. ಮೇಡಂ ಕೇಳಿದರು, ‘ಬಿದ್ದಿದ್ದು ಸೂಜಿ ಚುಚ್ಚೋಕೆ ಮುಂಚೆನೋ ಆಮೇಲೋ?’ ನನಗೆ ನೆನಪಿರಲಿಲ್ಲ. ‘ನಿಮ್ಮ ತಾಯಿ ಇದಾರಾ? ಫೋನ್ ಮಾಡಿ.’ ಮಾಡಿದೆ. ನಮ್ಮವ್ವ ಆ ಕಡೆಯಿಂದ, ‘ಚುಚ್ಚೋದೆಲ್ ಬಂತು, ಕಾಂಪೌಂಡ್ರು ಸೂಜಿ ಎತ್ತುತ್ಲೇ ಬಿದ್ಬುಟ್ಟ’ ಅಂದಳು. ಮೇಡಂ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ‘ಮೇಷ್ಟ್ರೇ, ನಿಮಗೆ ಆಗದೇ ಇರೋದು ಸೂಜಿ. ಪೆನ್ಸಿಲಿನ್ ಅಲ್ಲ’ ಎಂದರು. ಚಿಕ್ಕಂದಿನಿಂದ ನನ್ನದೆಂದು ಇದ್ದ ಒಂದೇ ವಿಶೇಷವನ್ನು ಕಳಕೊಂಡು ನಾನು ಬಸ್ಸು ಹತ್ತಿದೆ.

ಆಗ ನಮ್ಮಲ್ಲಿ ಪ್ರಾಣಿಶಾಸ್ತ್ರದ ಹೊಸ ಮೇಷ್ಟ್ರೊಬ್ಬರಿದ್ದರು. ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ಔಷಧಿಯ ಅಲರ್ಜಿ ಇದೆಯೆಂದು ಕೇಳಿ ಒಂದು ಪ್ರಬಂಧ ಬರೆಯಬೇಕೆಂಬ ಆಸೆ ಅವರಿಗೆ. ತರಗತಿ ತರಗತಿಗೆ ಹೋಗಿ ‘ಇರುವವರು ಕೈ ಎತ್ತಿ’ ಎಂದರು. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಹಿಂದಿನ ಬೆಂಚಿನವರು ಎರಡೂ ಕೈ ಎತ್ತಿದ್ದರು. ಪ್ರಿನ್ಸಿಪಾಲರಿಗೆ ಯೋಚನೆಗಿಟ್ಟುಕೊಂಡಿತು. ನಮ್ಮ ಕಾಲೇಜಿನ ಮಕ್ಕಳಿಗೇ ಯಾಕೆ ಹೀಗೆ, ನೀರಿನ ಟ್ಯಾಂಕ್ ತೊಳೆಸಬೇಕೇ ಎಂದು ಕೇಳಿದರು. ಮೇಡಂ ‘ಟ್ಯಾಂಕ್ ಹೇಗಿದ್ರೂ ತೊಳೆಸಿ’ ಎಂದು, ಕೈ ಎತ್ತಿದವರನ್ನು ಒಬ್ಬೊಬ್ಬರಾಗಿ ತಮ್ಮ ಕೋಣೆಗೆ ಕಳಿಸಲು ಹೇಳಿದರು.

ನಮ್ಮ ವಿಭಾಗಕ್ಕೂ ಆ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಪಾಠವಿಲ್ಲದ ಹೊತ್ತಿನಲ್ಲಿ ನಾನು ಕೂತಲ್ಲೇ ಎಲ್ಲವನ್ನೂ ಕೇಳಿದೆ.

‘ನಂಗೆ ಜ್ವರದ್ ಮಾತ್ರೆ ಆಗಲ್ಲ ಮೇಡಂ.’

‘ಏನಾಗುತ್ತೆ?’

‘ಕಹಿ ಆಯ್ತದೆ.’

ಮತ್ತೊಬ್ಬ ಕಟ್ಟಾಯದ ಕಡೆಯವನು. ಆಂಟಿಬಯೋಟಿಕ್ ತಗೊಂಡರೆ ಬಾಯಿಹುಣ್ಣು ಬರುತ್ತದೆ, ಉಷ್ಣ ಎಂದ. ಮಾತ್ರೆ ನುಂಗಿದ ದಿನ ಏನು ತಿಂದಿದ್ದೆ ಎಂದರೆ, ಅಕ್ಕನ ಮನೆಯ ಬೀಗರೂಟ ಎಂದ. ಎಷ್ಟು ತಿಂದೆ ಎಂದದ್ದಕ್ಕೆ, ಎರಡು ಪಂಕ್ತಿಯಲ್ಲಿ ಕೂತಿದ್ದೆ ಎಂದ. ಒಬ್ಬಳಿಗೆ ಸೋಮವಾರ ಮಾತ್ರೆ ನುಂಗಿದರೆ ಆಗುತ್ತಿರಲಿಲ್ಲ. ಇನ್ನೊಬ್ಬನ ಮನೆಯಲ್ಲಿ, ಚಿಕ್ಕಪ್ಪನಿಗೆ ಯಾವುದೋ ಇಂಜೆಕ್ಷನ್ ಕೊಟ್ಟ ಮಾರನೆಯ ದಿನ ಟ್ರ್ಯಾಕ್ಟರ್ ಮಗುಚಿಕೊಂಡಿತ್ತು. ಅವತ್ತಿನಿಂದ ಆ ಮನೆಗೆ ಆ ಇಂಜೆಕ್ಷನ್ ಆಗಿಬರುತ್ತಿರಲಿಲ್ಲ.

‘ಟ್ರ್ಯಾಕ್ಟರ್ ಓಡಿಸ್ತಿದ್ದಿದ್ದು ಚಿಕ್ಕಪ್ಪನಾ?’

‘ಇಲ್ಲ ಮೇಡಂ. ಡ್ರೈವರು.’

ಈ ಕೊನೆಯ ಬಗೆಗೆ ಮೇಡಂ ‘ಮನೆತನದ ಅಲರ್ಜಿ’ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಒಂದೊಂದು ಮನೆತನಕ್ಕೂ ಒಂದೊಂದು ಆಗಿಬರದ ವಸ್ತು ಇರುತ್ತದೆ. ಒಂದು ಮನೆಯವರು ಪಾರಿವಾಳ ಸಾಕುವುದಿಲ್ಲ, ಇನ್ನೊಂದು ಮನೆಯವರು ಕರೀ ಸೀರೆ ತರುವುದಿಲ್ಲ. ಹಿಂದೆಂದೋ ಅದರಿಂದ ಕೇಡಾಗಿರುತ್ತದೆ, ಇಲ್ಲವೇ ಆಗಿದೆಯೆಂದು ಹಿರಿಯರು ಹೇಳಿರುತ್ತಾರೆ; ಮಿಕ್ಕವರು ಕಾರಣ ಕೇಳದೆ ನಡೆಸಿಕೊಂಡು ಹೋಗುತ್ತಾರೆ. ಔಷಧಿಗಳೂ ಅದೇ ಸಾಲಿಗೆ ಸೇರಿಕೊಂಡಿದ್ದವು. ಮೇಡಂ ಇವನ್ನೆಲ್ಲ ಕಳೆ ಕಿತ್ತ ಹಾಗೆ ಕಿತ್ತು ಹಾಕಿದರು. ‘ಇವರಿಗೆ ನಾಳೆ ನಿಜವಾಗ್ಲೂ ಆ ಔಷಧಿನೇ ಬೇಕಾದಾಗ ಬೇಡ ಅಂತ ಕೂತ್ಕೋತಾರೆ ಮೇಷ್ಟ್ರೇ. ಅದಕ್ಕೂ ಜನ ಸಾಯ್ತಾರೆ’ ಎಂದು ನನಗೆ ಹೇಳಿದರು. ಜರಡಿ ಹಿಡಿದು ಮುಗಿಯುವ ಹೊತ್ತಿಗೆ ನಿಜವಾದ ಅಲರ್ಜಿಯವರು ಬೆರಳೆಣಿಕೆಯಷ್ಟು ಉಳಿದರು. ಅವರ ಗುರುತಿನ ಚೀಟಿಯ ಹಿಂದೆ ಮೇಡಂ ಕೆಂಪು ಶಾಯಿಯಲ್ಲಿ ಔಷಧಿಯ ಹೆಸರು ಬರೆದುಕೊಟ್ಟರು. ಪ್ರಾಣಿಶಾಸ್ತ್ರದವರ ಪ್ರಬಂಧ ಅಲ್ಲಿಗೆ ನಿಂತಿತು.

‘ಹೇಳೋರಿಗೆ ಇರಲ್ಲ, ಸರಿ. ನನಗೆ ಭಯ ಇರೋದು ಇದ್ದೂ ಹೇಳದೇ ಇರೋರದು’ ಎಂದು ಅವರು ಆಗಾಗ ಹೇಳುತ್ತಿದ್ದರು. ಅಂಥವರು ಯಾಕಿರುತ್ತಾರೆ ಎಂದು ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ರಂಜಿತಾ ನನ್ನ ವಿದ್ಯಾರ್ಥಿನಿ, ಹಳ್ಳಿಮೈಸೂರು ಕಡೆಯವಳು. ಕೈ ಎತ್ತದವರಲ್ಲಿ ಒಬ್ಬಳು. ಥ್ರೋಬಾಲ್ ಆಡುವಾಗ ಕಾಲು ಉಳುಕಿತು ಎಂದು ದೈಹಿಕ ಶಿಕ್ಷಣದ ಮೇಷ್ಟ್ರು ತಮ್ಮ ಜೇಬಿನಲ್ಲಿದ್ದ ನೋವಿನ ಮಾತ್ರೆ ಕೊಟ್ಟರು. ಅವಳು ಸುಮ್ಮನೆ ಈಸಿಕೊಂಡು ನುಂಗಿದಳು. ನನ್ನ ತರಗತಿಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಕಣ್ಣರೆಪ್ಪೆ ಊದಿದವು, ತುಟಿ ಊದಿತು. ಹಾಜರಿ ಕರೆದರೆ ‘ಎಸ್ ಸಾ’ ಎನ್ನುವ ದನಿ ಗಂಡಸಿನ ದನಿಯಂತೆ ಬಂತು. ಹುಡುಗರು ನಕ್ಕರು. ನಾನು ಹೋಗಿ ಮೇಡಂ ಅವರನ್ನು ಕರೆದೆ. ಮೇಡಂ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತರಗತಿಯಲ್ಲೇ ಬೆಂಚಿನ ಮೇಲೆ ಮಲಗಿಸಿ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಹುಡುಗಿ ಉಳಿದಳು. ಅಲ್ಲಿನ ಡಾಕ್ಟರು, ಇನ್ನೂ ಸ್ವಲ್ಪ ತಡವಾಗಿದ್ದರೆ ಗಂಟಲು ಮುಚ್ಚಿಹೋಗುತ್ತಿತ್ತು ಎಂದರಂತೆ.

ಊರಿಂದ ಅವಳ ತಾಯಿ ಬಂದರು. ಮೇಡಂ ಕೋಣೆಯಲ್ಲಿ ತಾಯಿ ಮಗಳ ಜೊತೆ ಬಾಗಿಲು ಹಾಕಿಕೊಂಡು ಮಾತು. ನಾನು ಹಲಗೆಯ ಈಚೆ.

‘ಮೊದಲು ಹಿಂಗಾಗಿತ್ತಾ?’

‘ಆಗಿತ್ತು ಮೇಡಂ. ಆಗ್ಲೂ ನೋವಿನ್ ಮಾತ್ರೆನೇ ತಗಂಡಿದ್ಲು. ಜೇನು ಕಡೀತು ಅಂತ ಕೇರಿಯೋರ್ಗೆ ಏಳುದ್ವಿ.’

‘ಯಾಕೆ?’

‘ಎಣ್ಣು ಮಗ ಅಲ್ವಾ ಮೇಡಂ. ಮಾತ್ರೆ ಆಗ್ದೋಳು ಅಂದ್ರೆ ರೋಗಿಷ್ಟೆ ಅಂತಾರೆ. ಯಾರ್ ಕಟ್ಕಂತಾರೆ? ಈಗ್ಲೂ ಯಾರ್ಗೂ ಏಳ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ.’

ಮೇಡಂ ರಂಜಿತಾಳ ಗುರುತಿನ ಚೀಟಿ ಕೇಳಿದರು. ಅವಳು ಕೊಡಲಿಲ್ಲ. ಮನೆಗೆ ಬಂದು ಹೋಗುವವರು ನೋಡುತ್ತಾರೆ ಎಂದಳು. ‘ಸರಿ, ಬರೆಯಲ್ಲ. ಯಾರು ಮಾತ್ರೆ ಕೊಟ್ರೂ ಬಾಯಲ್ಲಿ ಹೇಳು. ಜ್ವರಕ್ಕೆ ಪ್ಯಾರಾಸಿಟಮಾಲ್ ತಗೋಬಹುದು. ನೋವಿನ ಮಾತ್ರೆ, ನೋವಿನ ಇಂಜೆಕ್ಷನ್ ಮುಟ್ಟಬೇಡ.’ ಅವಳು ಹೂಂ ಎಂದಳು. ಅವಳು ಯಾರಿಗೂ ಹೇಳುವುದಿಲ್ಲ ಎಂಬುದು ಗೋಡೆಯ ಈಚೆಗೂ ಗೊತ್ತಾಗುವಂಥ ಹೂಂ ಅದು. ಆಮೇಲೆ ಮೇಡಂ ವಾರಕ್ಕೊಮ್ಮೆ ಅವಳನ್ನು ಹಿಡಿದು ‘ಯಾವ ಔಷಧಿ ಆಗಲ್ಲ?’ ಎಂದು ಒಪ್ಪಿಸಿಕೊಳ್ಳುತ್ತಿದ್ದರು. ಅವಳು ಸುತ್ತ ಯಾರಿಲ್ಲವೆಂದು ನೋಡಿ, ಮಗ್ಗಿ ಒಪ್ಪಿಸುವವಳಂತೆ ಪಿಸುಗುಡುತ್ತಿದ್ದಳು.

ಡಿಗ್ರಿ ಮುಗಿಯುತ್ತಿದ್ದಂತೆ ಗಂಡು ಗೊತ್ತಾಯಿತು. ಹಳೇಕೋಟೆಯವರು, ಜಮೀನು ಚೆನ್ನಾಗಿದೆ, ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ರಂಜಿತಾಳ ಅಪ್ಪ, ಮೇಷ್ಟ್ರೆಂಬ ಮರ್ಯಾದೆಗೆ, ನನ್ನನ್ನೂ ಕರೆದರು. ವಿಷಯ ಕೇಳಿ ಮೇಡಂ ‘ನಾನೂ ಬರ್ತೀನಿ’ ಎಂದರು.

‘ನಿಮ್ಮನ್ನ ಕರೆದಿಲ್ಲವಲ್ಲ ಮೇಡಂ.’

‘ನಿಮಗೆ ದಾರೀಲಿ ಎದೆನೋವು ಬಂದ್ರೆ ಅಂತ ಹೇಳಿ.’

ನನಗೆ ಎದೆನೋವಿರಲಿಲ್ಲ. ಹೊಳೆನರಸೀಪುರ ದಾಟುವ ಹೊತ್ತಿಗೆ ಸಣ್ಣಗೆ ಶುರುವಾದಂತೆ ಅನ್ನಿಸಿತು. ಒಂದು ಮದುವೆ ಮುರಿಯುವುದನ್ನು ನೋಡಲು ಹೊರಟಿದ್ದೇನೆಂದೇ ನಾನು ಅಂದುಕೊಂಡಿದ್ದೆ.

ಮನೆ ನೋಡುವುದೆಂದರೆ ನಮ್ಮಲ್ಲಿ ಕೊಟ್ಟಿಗೆ, ಬೋರ್‌ವೆಲ್, ಅಡಿಗೆಮನೆ ನೋಡುವುದು. ಮೇಡಂ ಯಾವುದನ್ನೂ ನೋಡಲಿಲ್ಲ. ಕಾಲಿಟ್ಟ ಕೂಡಲೇ ಅವರ ಕಣ್ಣು ನಡುಮನೆಯ ಗೋಡೆಗೂಡಿನ ಮೇಲೆ ಬಿತ್ತು. ಅದರಲ್ಲಿ ಕುಂಕುಮದ ಭರಣಿಯ ಪಕ್ಕ ನೋವಿನ ಮಾತ್ರೆಗಳ ಕಟ್ಟು, ರಬ್ಬರ್ ಬ್ಯಾಂಡ್ ಹಾಕಿಟ್ಟದ್ದು. ಗೂಡಿನ ಕೆಳಗೆ ಮಂಡಿಗೆ ಬಟ್ಟೆ ಸುತ್ತಿಕೊಂಡು ಹುಡುಗನ ಅಜ್ಜಿ ಕೂತಿದ್ದರು. ಆ ಮನೆಯ ಯಜಮಾನಿಕೆ ಇನ್ನೂ ಅವರದೇ ಎಂಬುದು, ಅವರು ಕೆಮ್ಮಿದಾಗ ಎಲ್ಲರೂ ಮಾತು ನಿಲ್ಲಿಸಿದ್ದರಿಂದ ಗೊತ್ತಾಯಿತು.

‘ಈ ಮಾತ್ರೆ ಯಾರದು ಅಜ್ಜಿ?’ ಎಂದರು ಮೇಡಂ.

‘ಎಲ್ಲರ್ದೂವೆ ಕಣವ್ವ. ನನ್ ಮಂಡಿಗೆ ಅಂತ ತರ್ಸಿದ್ದು. ಮಗಂಗೆ ಸ್ವಾಂಟ ನೋವು ಅಂದ್ರೂ ಇದೇಯ, ಮೊಮ್ಮಗಂಗೆ ಅಲ್ಲುನೋವು ಅಂದ್ರೂ ಇದೇಯ. ಕಳೆ ಕೀಳಾಕ್ ಬರೋ ಎಣ್ಣಾಳುಗ್ಳೂ ಒಂದೊಂದ್ ಈಸ್ಕಂಡ್ ಓಯ್ತಾರೆ. ಯಾಕೆ, ನಿಮ್ಗೂ ಬೇಕಾ?’

ಮೇಡಂ ನನ್ನ ಕಡೆ ನೋಡಿದರು. ಹೊಸ ಸೊಸೆ, ಮೊದಲ ತಿಂಗಳು, ತಲೆನೋವೆಂದು ಹಣೆ ಹಿಡಿದುಕೊಂಡರೆ, ಆ ಗೂಡಿಗೆ ಯಾರಾದರೂ ಕೈ ಹಾಕಿಯೇ ಹಾಕುತ್ತಾರೆ. ಅವಳು ಬೇಡವೆನ್ನಲಾರದೆ ನುಂಗಿಯೇ ನುಂಗುತ್ತಾಳೆ. ಅದು ನನಗೂ ಹೊಳೆಯಿತು. ರಂಜಿತಾಳ ತಾಯಿ ಕಾಫಿ ಲೋಟ ಹಿಡಿದು ಕಂಬದ ಪಕ್ಕ ನಿಂತಿದ್ದರು. ಈಗ ಮೇಡಂ ಅಲರ್ಜಿ ಎಂಬ ಮಾತು ಆಡುತ್ತಾರೆ, ಈಗ ಎಲ್ಲ ಮುಗಿಯುತ್ತದೆ ಎಂದು ನಾನು ಕಾದೆ.

ಮೇಡಂ ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು. ‘ಅಜ್ಜಿ, ನಿಮ್ಮ ಮನೆತನಕ್ಕೆ ಏನೇನು ಆಗ್ಬರಲ್ಲ?’

‘ಉಚ್ಚೆಳ್ಳು ಬಿತ್ತಂಗಿಲ್ಲ ಕಣವ್ವ. ನಮ್ ಮಾವ್ನೋರ್ ಕಾಲ್ದಾಗೆ ಬಿತ್ತಿದ್ ವರ್ಸ ಜೋಡೆತ್ತು ಸತ್ತೋದ್ವು. ಪಾರಿವಾಳ ಸಾಕಂಗಿಲ್ಲ. ಮನೆ ಮುಂದೆ ನುಗ್ಗೆ ಗಿಡ ಆಕಂಗಿಲ್ಲ.’

‘ಹುಡುಗಿ ಮನೇಲೂ ಒಂದು ಪದ್ಧತಿ ಇದೆ. ಆ ಮನೆ ಹೆಣ್ಣುಮಕ್ಕಳು ನೋವಿನ ಮಾತ್ರೆ, ನೋವಿನ ಇಂಜೆಕ್ಷನ್ ಮುಟ್ಟೋ ಹಂಗಿಲ್ಲ. ಕೊಟ್ಟ ಮನೇಲೂ ಅಷ್ಟೆ. ತಲತಲಾಂತರದಿಂದ ನಡ್ಕೊಂಡು ಬಂದಿದೆ.’

ಮನೆತನದ ಅಲರ್ಜಿಗಳನ್ನು ಬೇರುಸಹಿತ ಕಿತ್ತ ಹೆಂಗಸು ಉಗುರು ನೋಡುತ್ತ ಇದನ್ನು ಹೇಳಿದರು. ಆಗ ನೋಡುತ್ತಿದ್ದದ್ದು ತಮ್ಮದೇ ಉಗುರು.

ಅಜ್ಜಿ ಮೇಡಂ ಮುಖ ನೋಡಿದರು, ಕಂಬದ ಕಡೆ ನೋಡಿದರು. ‘ಯಾವ ದ್ಯಾವ್ರದು?’ ಎಂದರು.

‘ಅದು ನಂಗೊತ್ತಿಲ್ಲ. ನಾನು ಡಾಕ್ಟ್ರು.’

‘ಮುಟ್ಟುದ್ರೆ?’

‘ಉಳಿಯಲ್ಲ.’

ಅಜ್ಜಿ ರಂಜಿತಾಳ ಅಪ್ಪನ ಕಡೆ ತಿರುಗಿ ‘ಊಂನೇನಪ್ಪ?’ ಎಂದರು. ಆತ ಬೆವರುತ್ತ ಹೂಂ ಎಂದ. ‘ಅಂಗಾದ್ರೆ ನಡ್ಕಂಡೋಗ್ಲಿ ಬುಡು. ಪದ್ಧತಿ ಅಂದ್ಮೇಲೆ ಪದ್ಧತಿಯೇ’ ಎಂದು ಅಜ್ಜಿ ಎಲೆ ಅಡಿಕೆ ತಟ್ಟೆ ತರಿಸಿದರು.

ವಾಪಸು ಬರುವಾಗ ಮೇಡಂ ಕಾರಿನ ಕಿಟಕಿಯಿಂದ ಆಚೆ ನೋಡುತ್ತಿದ್ದರು. ‘ಇಷ್ಟು ವರ್ಷ ಸುಳ್ಳು ಅಲರ್ಜಿ ತೆಗೆಯೋ ಕೆಲಸ ಮಾಡಿದೆ ಮೇಷ್ಟ್ರೇ. ಇವತ್ತು ಒಂದನ್ನ ನೆಟ್ಟು ಬಂದೆ’ ಎಂದರು.

‘ಹುಡುಗಿದು ನಿಜವಾದ ಅಲರ್ಜಿನೇ ಅಲ್ವಾ?’

‘ಅವಳದು ನಿಜ. ನಾನು ಹೇಳಿದ್ದು ಸುಳ್ಳು. ಆ ಅಜ್ಜಿ ನಂಬಿಬಿಟ್ಟರು.’ ಒಬ್ಬರಿಗೆ ಮೋಸ ಮಾಡಿದ ಸಂಕಟ ಅವರಿಗೆ ಎಂದೂ ಹೋಗಲಿಲ್ಲ ಎಂದು ನಾನು ಬಲ್ಲೆ. ಮದುವೆಗೆ ಕರೆ ಬಂದಾಗ ಉಡುಗೊರೆ ಕಳಿಸಿದರು, ತಾವು ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ರಂಜಿತಾಳ ನಾದಿನಿ ನಮ್ಮ ಕಾಲೇಜಿಗೆ ಸೇರಿದಳು. ಎಲ್ಲರಂತೆ ಅವಳನ್ನೂ ಮೇಡಂ ಕೋಣೆಗೆ ಕಳಿಸಿದರು. ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ.

‘ಯಾವ ಔಷಧಿ ಆಗಲ್ಲಮ್ಮ?’

‘ನೋವಿನ್ ಮಾತ್ರೆ ಮೇಡಂ.’

‘ತಗೊಂಡಾಗ ಏನಾಯ್ತು?’

‘ನಾನು ತಗಂಡೇ ಇಲ್ಲ. ನಮ್ಮನೆಗೇ ಆಗ್ಬರಲ್ಲ. ಯಾರೂ ತಗಳಂಗಿಲ್ಲ.’

‘ಯಾವೂರು?’

‘ಹಳೇಕೋಟೆ ಮೇಡಂ.’

ಈಚೆ ನಾನು ಪೆನ್ನು ಕೆಳಗಿಟ್ಟೆ. ಆಚೆಯೂ ಪೆನ್ನು ಕೆಳಗಿಟ್ಟ ಸದ್ದಾಯಿತು. ಹುಡುಗಿ ತಾನಾಗಿಯೇ ಹೇಳುತ್ತ ಹೋದಳು. ಅತ್ತಿಗೆ ಬಂದ ವಾರವೇ ಅಜ್ಜಿ ಗೂಡಿನಲ್ಲಿದ್ದ ಮಾತ್ರೆಯನ್ನೆಲ್ಲ ತಿಪ್ಪೆಗೆ ಹಾಕಿಸಿದರು. ಅತ್ತಿಗೆಯ ಹೆರಿಗೆಯಾದಾಗ ನರ್ಸಿಂಗ್ ಹೋಮಿನ ವಾರ್ಡಿನ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು. ಸೂಜಿ ಹಿಡಿದು ಯಾರು ಬಂದರೂ ‘ಇದು ನೋವಿಂದಾ?’ ಎಂದು ಕೇಳಿದರು. ಒಬ್ಬಳು ನರ್ಸ್ ಹೌದು ಎಂದಾಗ ಅವಳ ಕೈ ಹಿಡಿದುಕೊಂಡವರು, ದೊಡ್ಡ ಡಾಕ್ಟರು ಬಂದು ಬೇರೆ ಔಷಧಿ ಬರೆದುಕೊಡುವ ತನಕ ಬಿಡಲಿಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

‘ಅಜ್ಜಿಗೆ ಮಂಡಿನೋವಿತ್ತಲ್ಲ?’ ಎಂದರು ಮೇಡಂ. ದನಿ ಬೇರೆಯಾಗಿತ್ತು.

‘ಈಗ್ಲೂ ಐತೆ ಮೇಡಂ. ಎಣ್ಣೆ ತಿಕ್ಕೋತಾರೆ. ಚಳಿಗಾಲ್ದಲ್ಲಿ ಏಳಾಕೇ ಆಗಲ್ಲ, ನರಳ್ತಾರೆ. ಮಾತ್ರೆ ಮಾತ್ರ ಮುಟ್ಟಲ್ಲ.’

ಮೇಡಂ ಸಾಮಾನ್ಯವಾಗಿ ಇಂಥವರನ್ನು ಕೂರಿಸಿಕೊಂಡು, ಅಡ್ಡಪ್ರಶ್ನೆ ಹಾಕಿ, ನಿನಗೆ ಏನೂ ಇಲ್ಲವೆಂದು ಒಪ್ಪಿಸಿ ಕಳಿಸುತ್ತಿದ್ದರು. ಅವತ್ತು ಹಾಗೆ ಮಾಡಲಿಲ್ಲ. ಇವಳಿಗೆ ಸುಳ್ಳು ಎಂದು ಹೇಳಿದರೆ ಇವಳು ಮನೆಗೆ ಹೋಗಿ ಹೇಳುತ್ತಾಳೆ, ಗೂಡಿಗೆ ಮತ್ತೆ ಮಾತ್ರೆ ಬರುತ್ತದೆ. ಗುರುತಿನ ಚೀಟಿ ಈಸಿಕೊಂಡು ಹಿಂದೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಸುಳ್ಳೆಂದು ಗೊತ್ತಿದ್ದೂ ಅವರು ಬರೆದ ಅಲರ್ಜಿ ಅದೊಂದೇ.

ಆ ಭಾನುವಾರ ನನ್ನನ್ನು ಎಳೆದುಕೊಂಡು ಹಳೇಕೋಟೆಗೆ ಹೊರಟರು. ಅಜ್ಜಿ ಅದೇ ಗೂಡಿನ ಕೆಳಗೆ ಕೂತಿದ್ದರು. ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಎಣ್ಣೆ ಬಾಟಲಿ ಇತ್ತು. ಮೇಡಂ ಬಹಳ ಹೊತ್ತು ಸುತ್ತಿ ಬಳಸಿ ಮಾತಾಡಿದರು. ಆ ಪದ್ಧತಿ ಹುಡುಗಿಯ ತವರಿನದು, ಅವಳು ಪಾಲಿಸಿದರೆ ಸಾಕು, ಅಜ್ಜಿಗೆ ಲಾಗೂ ಆಗುವುದಿಲ್ಲ; ಅಜ್ಜಿ ಬೇರೆ ಯಾರಿಗೂ ಸಿಗದ ಕಡೆ ಇಟ್ಟುಕೊಂಡು, ನೋವು ಹೆಚ್ಚಾದಾಗ ಒಂದು ನುಂಗಬಹುದು ಎಂದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡರು.

‘ನೀವೇ ಏಳುದ್ರಲ್ಲ ಡಾಕುಟ್ರವ್ವ, ಮುಟ್ಟುದ್ರೆ ಉಳಿಯಕ್ಕಿಲ್ಲ ಅಂತ.’

‘ಹುಡುಗಿ ಮುಟ್ಟಿದ್ರೆ ಅಂದೆ ಅಜ್ಜಿ.’

‘ಉಡುಗಿ ಈಗ ಈ ಮನೆಯೋಳಲ್ವಾ? ಅವ್ಳಿಗೆ ಆಗ್ಬರಕ್ಕಿಲ್ಲ ಅಂದ್ರೆ ಈ ಮನೆಗೂ ಆಗ್ಬರಕ್ಕಿಲ್ಲ. ಕಾಪಿ ಕುಡೀರಿ.’

ಕುಡಿದು ಬಂದೆವು. ಮೇಡಂ ಮಂಡಿಗೆ ಕಟ್ಟಿಕೊಳ್ಳುವ ಪಟ್ಟಿ, ಪ್ಯಾರಾಸಿಟಮಾಲ್, ಶಾಖ ಕೊಡುವ ಚೀಲ ಎಲ್ಲ ಆ ನಾದಿನಿಯ ಕೈಲಿ ಆಗಾಗ ಕಳಿಸುತ್ತಿದ್ದರು. ‘ನನ್ನ ಒಂದು ಸುಳ್ಳಿಗೆ ಆ ಮುದುಕಿ ನರಳ್ತಾ ಕೂತಿದಾರೆ’ ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಚನ್ನರಾಯಪಟ್ಟಣಕ್ಕೆ ಹೋದ ಮೇಲೆ ಫೋನಿನಲ್ಲೂ ಅದೇ ಮಾತು. ಅವರಿಗೆ ಕೊನೆಯವರೆಗೂ ಇದ್ದ ನೋವು ಅದೊಂದೇ ಎಂದು ಕಾಣುತ್ತದೆ.

ಅವರ ತಿಥಿಗೆ ನಾನು ಹೋಗಿದ್ದೆ. ಊಟದ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ರಂಜಿತಾ, ಅವಳ ಗಂಡ, ಮಗು, ಅತ್ತೆ ಮಾವ ಇಳಿದರು. ಆಮೇಲೆ ಬಾಗಿಲು ಹಿಡಿದು, ಸೀಟು ಹಿಡಿದು, ಮೊಮ್ಮಗನ ಭುಜ ಹಿಡಿದು ಅಜ್ಜಿ ಇಳಿದರು. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡರು. ಫೋಟೊಗೆ ಕೈಮುಗಿದು ಬಂದು ಪಡಸಾಲೆಯಲ್ಲಿ ನನ್ನ ಪಕ್ಕ ಕೂತರು. ಮಿಕ್ಕವರೆಲ್ಲ ಎದುರು ಗೋಡೆಗೆ ಒರಗಿ ಕೂತಿದ್ದರು.

ನನಗೆ ತಡೆಯಲಾಗಲಿಲ್ಲ. ಅವರಿಗಷ್ಟೇ ಕೇಳುವಂತೆ ಹೇಳಿದೆ. ‘ಅಜ್ಜಿ, ಮೇಡಂ ಇಲ್ಲ ಈಗ. ನಿಜ ಹೇಳಿಬಿಡ್ತೀನಿ. ಆ ಪದ್ಧತಿ ಅಂತ ಹೇಳಿದ್ದು...’

‘ಸುಳ್ಳು’ ಎಂದರು ಅಜ್ಜಿ.

ನಾನು ಅವರ ಕಡೆ ತಿರುಗಿ ಕೂತೆ.

‘ಅವತ್ತೇ ಗೊತ್ತಾಯ್ತು ಕಣಪ್ಪ. ಉಡುಗಿ ಅವ್ವ ಲೋಟ ಇಡ್ಕಂಡಿದ್ ಕೈ ನಡುಗ್ತಿತ್ತು. ಪದ್ಧತಿ ಏಳುವಾಗ ಯಾರ್ ಕೈ ನಡುಗ್ತದೆ? ಅಲ್ದೆ ನಾನ್ ಚಿಕ್ಕೋಳಾಗಿದ್ದಾಗ ಈ ಮಾತ್ರೆನೇ ಇರ್ನಿಲ್ಲ. ತಲತಲಾಂತ್ರದ ಪದ್ಧತಿ ಎಲ್ಲಿಂದ್ ಬಂತು? ಉಡುಗಿಗೆ ಏನೋ ತೊಂದ್ರೆ ಐತೆ, ಉಳಿಸ್ಕೊಳಕ್ಕೆ ಈವಮ್ಮ ಒದ್ದಾಡ್ತಾವ್ಳೆ ಅಂದ್ಕಂಡೆ. ಆಮೇಲೆ ಉಡುಗಿನೇ ಗಂಡಂಗೆ ಏಳುದ್ಲು, ಅವ್ನು ನಂಗೆ ಏಳ್ದ. ನನ್ ಮಗ ಸೊಸೆಗೆ ಗೊತ್ತಿಲ್ಲ.’

‘ಮತ್ತೆ ಮನೆಯವರೆಲ್ಲ ಯಾಕೆ ಬಿಡಬೇಕಿತ್ತು ಅಜ್ಜಿ? ನೀವ್ಯಾಕೆ ಬಿಟ್ರಿ?’

ಅಜ್ಜಿ ಮಂಡಿ ನೀವಿಕೊಂಡರು. ‘ಒಬ್ಳಿಗೆ ಆಗ್ಬರಕ್ಕಿಲ್ಲ ಅಂದ್ರೆ ಅವ್ಳಿಗೇನೋ ಐತೆ ಅಂತಾರೆ ಮೇಷ್ಟ್ರೇ. ನಾಳೆ ಮಗೀಗೆ ಜರ ಬಂದ್ರೂ ಅವ್ಳಿಂದ್ಲೇ ಅಂತಾರೆ, ಗಬ್ಬದ ಅಸ ಕಂದು ಆಕುದ್ರೂ ಅವ್ಳಿಂದ್ಲೇ ಅಂತಾರೆ. ಮನೆಗೇ ಆಗ್ಬರಕ್ಕಿಲ್ಲ ಅಂದ್ಬುಟ್ರೆ ಯಾರ್ನ ಬೊಟ್ಟು ಮಾಡಿ ತೋರುಸ್ತಾರೆ? ಇನ್ನ ಮನೆಗ್ ದೊಡ್ಡೋಳು ನಾನೇ ನುಂಗ್ತಾ ಕುಂತ್ರೆ ಮಿಕ್ಕೋರು ಬುಡ್ತಾರಾ?’

‘ಮೇಡಂ ಎರಡನೇ ಸಲ ಬಂದಿದ್ರಲ್ಲ. ಅವರಿಗಾದರೂ ಹೇಳಬಾರದಿತ್ತಾ?’

‘ಅಷ್ಟು ಓದಿರೋ ಎಣ್ಮಗ್ಳು, ನಮ್ ಉಡುಗಿಗೋಸ್ಕರ ಸುಳ್ಳೇಳವ್ಳೆ. ಮುದುಕಿ ಕೈಲಿ ಸಿಕ್ಕಾಕಂಡೆ ಅಂತ ಬ್ಯಾಸ್ರ ಮಾಡ್ಕಳದು ಬ್ಯಾಡ ಅಂತ ಸುಮ್ಕಿದ್ದೆ.’

ಮೇಡಂ ಎರಡು ಸಲ ಆ ಗೂಡಿನ ಮುಂದೆ ಕೂತು, ಒಬ್ಬ ಮುದುಕಿಗೆ ಮೋಸ ಮಾಡಿದೆನೆಂದು ಎದ್ದು ಬಂದವರು. ಕೊನೆಯವರೆಗೂ ಅದನ್ನು ಹೊತ್ತುಕೊಂಡಿದ್ದರು. ಒಂದು ಫೋನು ಮಾಡಿ ಈ ಮಾತು ತಿಳಿಸಬೇಕೆಂದು ನನಗೆ ತಕ್ಷಣ ಅನ್ನಿಸಿತು, ಕೈ ಜೇಬಿಗೂ ಹೋಯಿತು. ಅವರು ಸತ್ತಿದ್ದಾರೆ ಎಂಬುದು ನನಗೆ ಸರಿಯಾಗಿ ತಾಕಿದ್ದು ಆಗ. ಸಂತಾಪ ಸಭೆಯಲ್ಲಿ ಬಾರದಿದ್ದ ಅಳು ಆ ಪಡಸಾಲೆಯಲ್ಲಿ ಬಂತು.

ಅಜ್ಜಿ ಮೆಟ್ಟಿಲು ಹತ್ತಿದ್ದನ್ನು ಒಳಗಿನಿಂದ ನೋಡಿದ್ದ ಮೇಡಂ ಅವರ ತಂಗಿ ಒಂದು ಲೋಟ ನೀರು, ಮಾತ್ರೆಯ ಡಬ್ಬಿ ಹಿಡಿದು ಬಂದರು. ಅಕ್ಕನ ಜೊತೆ ಇದ್ದು ಅವರಿಗೂ ಆ ಚಟ ಅಂಟಿತ್ತು. ಡಬ್ಬಿ ತೆರೆಯುವ ಮೊದಲು ಕೇಳಿದರು, ‘ಅಜ್ಜಿ, ನಿಮಗೆ ಯಾವ ಔಷಧಿ ಆಗಲ್ಲ?’

ಅಜ್ಜಿ ಎದುರು ಗೋಡೆಗೆ ಒರಗಿ ಕೂತಿದ್ದ ಮಗ ಸೊಸೆಯನ್ನು ನೋಡಿದರು. ಅವರ ಪಕ್ಕ ಮಗುವಿಗೆ ಅನ್ನ ಕಲಸುತ್ತಿದ್ದ ರಂಜಿತಾಳನ್ನು ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

‘ನೋವಿನ್ ಮಾತ್ರೆ ಕಣವ್ವ. ನಮ್ಮನೇಲಿ ಯಾರ್ಗೂ ಆಗ್ಬರಕ್ಕಿಲ್ಲ.’